ಫೈಲಿಗೆ ಸೇರಿಸಬೇಕಾದ ಕಾಗದಗಳು

ಚರ್ಚ್‌ಗೇಟ್, ಮುಂಬಯಿ
14 ಜೂನ್ 1971

ಪ್ರೀತಿಯ ಅಕ್ಕನಿಗೆ ಅಣವೀರಪ್ಪನ ಶರಣು.

ಲೋಕಲ್ ಹಿಡಿದರೆ ನಿನ್ನ ಪರೇಲಿಗೂ ನನ್ನ ಚರ್ಚ್‌ಗೇಟಿಗೂ ಅರ್ಧ ತಾಸಿನ ದಾರಿ. ಇಷ್ಟು ಹತ್ತಿರ ಇದ್ದವನು ಕಾಗದ ಯಾಕೆ ಬರೆದ ಎಂದು ಗಾಬರಿಯಾಗಬೇಡ. ನಾನು ಆರಾಮ ಇದ್ದೇನೆ.

ಭಾವ ಕೆಲಸ ಮಾಡುವ ಗಿರಣಿಯಲ್ಲಿ ಕಳೆದ ತಿಂಗಳು ನೇಯ್ಗೆ ಖಾತೆಯ ಸೂರು ಬಿದ್ದು ಜನ ಸತ್ತರಲ್ಲ, ಅದರ ವಿಚಾರಣೆಗೆ ಸರಕಾರ ನನ್ನನ್ನು ನೇಮಿಸಿದೆ. ಅಕ್ಕನ ಗಂಡ ಅದೇ ಗಿರಣಿಯ ನೂಲಿನ ಖಾತೆಯಲ್ಲಿದ್ದಾರೆ, ನನ್ನನ್ನು ಬಿಟ್ಟುಬಿಡಿ ಎಂದು ಬರೆದುಕೊಟ್ಟೆ. ಆದರೆ ಮಾಲೀಕರ ವಕೀಲರೂ ಯೂನಿಯನ್ನಿನ ವಕೀಲರೂ ಈ ಸಾಹೇಬರೇ ಇರಲಿ ಎಂದರು. ಯಾರ ಮನೆಯ ಚಹಾವನ್ನೂ ಕುಡಿಯದವನು ಎಂಬ ಹೆಸರು ನನ್ನದು. ಇಷ್ಟು ವರ್ಷದ ನೌಕರಿಯಲ್ಲಿ ಗಳಿಸಿದ ಆ ಹೆಸರೇ ಈಗ ಕಾಲಿಗೆ ತೊಡರಿಕೊಂಡಿತು.

ಅವರಿಬ್ಬರೂ ಒಂದು ಷರತ್ತು ಹಾಕಿದ್ದಾರೆ, ನಾನು ಒಪ್ಪಿದ್ದೇನೆ. ವರದಿ ಕೊಡುವವರೆಗೆ ನಾನು ನಿನ್ನ ಹೊಸ್ತಿಲು ತುಳಿಯುವಂತಿಲ್ಲ, ನೀವು ಯಾರೂ ನನ್ನಲ್ಲಿಗೆ ಬರುವಂತಿಲ್ಲ. ಕಾಗದ ಬರೆಯಬಹುದು. ಆದರೆ ಬರೆದದ್ದು, ಬಂದದ್ದು ಎರಡೂ ಫೈಲಿಗೆ ಸೇರಬೇಕು. ನಮ್ಮ ಕಚೇರಿಯಲ್ಲಿ ಐತಪ್ಪ ಎಂಬ ಮಂಗಳೂರು ಕಡೆಯ ಅನುವಾದಕರಿದ್ದಾರೆ. ಅವರು ಅದನ್ನು ಇಂಗ್ಲಿಷಿಗೆ ಇಳಿಸುತ್ತಾರೆ, ವಕೀಲರು ಬೇಕಾದಾಗ ಓದುತ್ತಾರೆ. ಆದ್ದರಿಂದ ಗಿರಣಿಯ ಮಾತು ಒಂದಕ್ಷರವೂ ಬೇಡ.

ಆರು ತಿಂಗಳ ಮಾತು ಅಷ್ಟೇ. ಸೇವಂತಿಯ ಮದುವೆಯ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಅವಳ ಕೈಹಿಡಿದು ಹಂದರಕ್ಕೆ ತರುವ ಸೋದರಮಾವ ನಾನೇ, ಅದರಲ್ಲಿ ಸಂಶಯ ಬೇಡ.

ನಿನ್ನ ತಮ್ಮ
ಅಣವೀರಪ್ಪ


ಪರೇಲ್
27 ಜೂನ್ 1971

ಚಿರಂಜೀವಿ ತಮ್ಮ ಅಣವೀರಪ್ಪನಿಗೆ ಅಕ್ಕ ಬಸಲಿಂಗವ್ವ ಸೇವಂತಿಯ ಕೈಯಿಂದ ಬರೆಸಿದ ಆಶೀರ್ವಾದ.

ಮೊದಲು ಈ ಕಾಗದ ಓದುವ ಐತಪ್ಪನವರಿಗೂ ಇಬ್ಬರು ವಕೀಲ ಸಾಹೇಬರಿಗೂ ಶರಣು. ಮನೆಗೆ ಬಂದವರನ್ನು ಮಾತಾಡಿಸದೆ ಕೂರಿಸುವ ಪದ್ಧತಿ ನಮ್ಮಲ್ಲಿಲ್ಲ. ಕಾಗದದೊಳಗೆ ಬಂದವರನ್ನೂ ಮಾತಾಡಿಸಬೇಕಲ್ಲ.

ನಿನ್ನ ಕಾಗದ ಓದಿಸಿದ ಮೇಲೆ ನಿಮ್ಮ ಭಾವ ಅದನ್ನು ಮಡಚಿ ಗೂಡಿನಲ್ಲಿಟ್ಟರು. ಆಮೇಲೆ, "ನಿನ್ನ ತಮ್ಮ ಕಲೆಕ್ಟರ್ ಇದ್ದಾಗ ಚಾಳಿನ್ಯಾಗ ಅವನ ಕಾರ್ ನಿಲ್ಲಾಕ ಜಾಗಾ ಇರಲಿಲ್ಲ. ಈಗ ಅವನ ಕಾಲಿಗೂ ಜಾಗಾ ಇಲ್ಲದಂಗಾತು ನೋಡು," ಅಂದರು. ಅವರ ಬಾಯಿ ನಿನಗೆ ಗೊತ್ತಿದ್ದದ್ದೇ.

ಹೆಂಡತಿ ಹೋದ ಮೇಲೆ ನೀನು ಪ್ರತಿ ಭಾನುವಾರ ಇಲ್ಲಿಗೆ ಉಣ್ಣಲು ಬರುತ್ತಿದ್ದೆ. ಈ ಭಾನುವಾರ ರೊಟ್ಟಿ ಬಡಿಯುವಾಗ ಕೈ ತನ್ನ ರೂಢಿಯಂತೆ ನಿನ್ನ ಪಾಲಿನದನ್ನೂ ಬಡಿಯಿತು. ಕೈಗೆ ಕಾಗದ ಓದಿ ಹೇಳುವವರು ಯಾರು? ಆ ರೊಟ್ಟಿ, ಝುಣಕ, ಕೆಂಪು ಖಾರ ಎಲ್ಲ ಪಕ್ಕದ ಖೋಲಿಯ ಮಲ್ಲಕ್ಕನ ಮಕ್ಕಳಿಗೆ ಕೊಟ್ಟೆ. ಅವಳ ಗಂಡ ಏನಾದ ಎಂದು ನಾನು ಬರೆಯುವಂತಿಲ್ಲ, ನೀನು ಕೇಳುವಂತಿಲ್ಲ.

ಆರು ತಿಂಗಳು ಅಂದರೆ ಆರೇ ತಿಂಗಳು ತಮ್ಮಾ.

ನಿನ್ನ ಅಕ್ಕ
ಬಸಲಿಂಗವ್ವ

ಮಾಮಾ, ಅವ್ವ ಇನ್ನೂ ಬಹಳ ಮಾತಾಡಿದಳು. ವಕೀಲರು ಓದುತ್ತಾರೆಂದು ನಾನೇ ಬರೆಯಲಿಲ್ಲ. – ಸೇವಂತಿ


ಚರ್ಚ್‌ಗೇಟ್
9 ಸೆಪ್ಟೆಂಬರ್ 1971

ಅಕ್ಕನಿಗೆ ಶರಣು.

ನಿನ್ನ ಕಾಗದ ಹಿಡಿದುಕೊಂಡು ಐತಪ್ಪನವರು ನನ್ನ ಕೋಣೆಗೆ ಬಂದಿದ್ದರು. ಝುಣಕ ಎಂದರೆ ಪಲ್ಯವೋ ಚಟ್ನಿಯೋ ಎಂದು ಕೇಳಿದರು. ಬಾಯಿತನಕ ಬಂದ ಉತ್ತರವನ್ನು ನುಂಗಿಕೊಂಡೆ. ನನ್ನ ಅಕ್ಕನ ಕಾಗದಕ್ಕೆ ನಾನೇ ಅರ್ಥ ಹೇಳಿಕೊಟ್ಟರೆ ನಾಳೆ ಅದಕ್ಕೊಂದು ತಕರಾರು ಬಂದೀತು. ಬರೆದವರನ್ನೇ ಕೇಳಿ ಎಂದೆ. ಆದ್ದರಿಂದ ಮುಂದಿನ ಕಾಗದದಲ್ಲಿ ಅವರಿಗೆ ಝುಣಕ ಎಂದರೇನೆಂದು ತಿಳಿಸು.

ವಿಚಾರಣೆಯ ಬಗ್ಗೆ ಬರೆಯಲಾರೆ. ಮಳೆ ಜೋರಾಗಿದೆ ಎಂದಷ್ಟೇ ಬರೆಯಬಲ್ಲೆ. ಅದು ನಿನ್ನಲ್ಲಿಯೂ ಸುರಿಯುತ್ತಿರುತ್ತದೆ.

ಭಾನುವಾರಗಳು ಉದ್ದವಾಗಿವೆ.

ಅಣವೀರಪ್ಪ


ಪರೇಲ್
20 ಜನವರಿ 1972

ಚಿ. ಅಣವೀರಪ್ಪನಿಗೆ ಅಕ್ಕನ ಆಶೀರ್ವಾದ.

ಐತಪ್ಪನವರಿಗೆ ಹೇಳು, ಝುಣಕ ಪಲ್ಯವೂ ಅಲ್ಲ, ಚಟ್ನಿಯೂ ಅಲ್ಲ. ಕಡಲೆಹಿಟ್ಟನ್ನು ಒಗ್ಗರಣೆಯಲ್ಲಿ ಕುದಿಸಿ ಗಟ್ಟಿ ಮಾಡುವುದು. ಆದರೆ ತಿನ್ನದೆ ಅದನ್ನು ಇಂಗ್ಲಿಷಿಗೆ ಹೇಗೆ ಇಳಿಸುತ್ತಾರೆ? ನೀನು ಬರುವಂತಿಲ್ಲ ಸರಿ. ಅವರ ನೌಕರಿ ಮುಗಿದ ದಿನ ಅವರಾದರೂ ಬಂದು ತಿಂದು ಹೋಗಲಿ.

ಆರು ತಿಂಗಳು ಮುಗಿದು ಹೋಯಿತು. ನಡುವೆ ಯುದ್ಧ ಬಂತು, ದೀಪ ಆರಿಸಿ ಕೂತೆವು, ಕಿಟಕಿಗೆ ಕರಿ ಕಾಗದ ಅಂಟಿಸಿದೆವು. ಆ ಕಾಗದ ಕಿತ್ತರೂ ನಿನ್ನ ಕಡೆಯಿಂದ ಬೆಳಕು ಬರಲಿಲ್ಲ.

ಸುದ್ದಿ ಏನೆಂದರೆ ಸೇವಂತಿಗೆ ಗಂಡು ಗೊತ್ತಾಯಿತು. ಸೊಲ್ಲಾಪುರದ ನಿಂಗಣ್ಣನವರ ಮಗ ಮುರಿಗೆಪ್ಪ, ಅಲ್ಲಿಯೇ ಸಾಲೀ ಮಾಸ್ತರ. ನೋಡಲು ಬಂದವರು ಮೊದಲು ಕೇಳಿದ್ದೇ "ಸ್ವಾದರಮಾವ ಯಾರು?" ಎಂದು. ನಿನ್ನ ಹೆಸರು ಹೇಳಿದೆವು. ಬೀಗರ ಮುಖ ಅಗಲವಾಯಿತು. ಆಮೇಲೆ ಎಲ್ಲಿದ್ದಾರೆ ಎಂದು ಕೇಳಿದರು. ಇದೇ ಊರಲ್ಲಿದ್ದಾನೆ, ಬರುವಂತಿಲ್ಲ ಎಂದೆ. ಅಗಲವಾದ ಮುಖ ಸ್ವಲ್ಪ ಮಡಚಿಕೊಂಡಿತು. ಮನೆತನದೊಳಗೆ ಏನೋ ಜಗಳ ಇದೆ ಎಂದು ತಿಳಿದರು.

ವೈಶಾಖಕ್ಕೆ ಮದುವೆ. ನೀನು ಕೈಹಿಡಿಯದೆ ಅವಳು ಖೋಲಿಯಿಂದ ಹೊರಗೆ ಬರುವುದಿಲ್ಲ. ಇದು ನನ್ನ ಹಟ ಅಲ್ಲ, ಅವಳದು.

ಬಸಲಿಂಗವ್ವ


ಚರ್ಚ್‌ಗೇಟ್
3 ಏಪ್ರಿಲ್ 1972

ಅಕ್ಕನಿಗೆ ಶರಣು.

ಸರಕಾರ ವಿಚಾರಣೆಯ ಅವಧಿಯನ್ನು ವಿಸ್ತರಿಸಿದೆ. ಮದುವೆಯನ್ನು ಮುಂದೆ ಹಾಕಲು ಆಗುತ್ತದೆಯೇ? ನನಗಾಗಿ.

ನಿನಗೆ ಒಂದು ಮಾತು ಹೇಳಬೇಕು. ಇದನ್ನು ವಕೀಲರು ಓದಿದರೂ ಚಿಂತೆಯಿಲ್ಲ. ಐವತ್ತಾರರಲ್ಲಿ ರಾಜ್ಯಗಳು ಒಡೆದು ಬಿಜಾಪುರ ಮೈಸೂರಿನ ಪಾಲಾದಾಗ ಕನ್ನಡದ ಅಧಿಕಾರಿಗಳನ್ನೆಲ್ಲ ಅತ್ತ ಕರೆದರು. ನನ್ನ ಜೊತೆಯವರು ಹೋದರು, ಬೆಂಗಳೂರಿನಲ್ಲಿ ತಂಪಾಗಿ ಇದ್ದಾರೆ. ನಾನು ಉಳಿದೆ. ಮೇಲಿನವರು ಕಾರಣ ಕೇಳಿದಾಗ ಆಡಳಿತದ ಅನುಭವ ಎಂದೇನೋ ಬರೆದೆ. ನಿಜವಾದ ಕಾರಣ ಪರೇಲಿನ ಒಂದು ಖೋಲಿ. ಮೆಟ್ರಿಕ್ ಓದಲು ಬಂದ ನನ್ನನ್ನು ಇಟ್ಟುಕೊಂಡು, ನಾನು ಓದುವಷ್ಟು ಹೊತ್ತು ಮಾತಾಡದೆ ಕೂತಿದ್ದ ಒಬ್ಬ ಅಕ್ಕ. ನೀನು ಮಾತಾಡದೆ ಕೂರುವುದೆಂದರೆ ಅದೆಷ್ಟು ಕಷ್ಟವೆಂದು ಈಗ ಐತಪ್ಪನವರಿಗೂ ಗೊತ್ತಾಗಿದೆ.

ಅಕ್ಕ ಹತ್ತಿರ ಇರಲಿ ಎಂದು ಉಳಿದ ಊರು ಇದು.

ಅಣವೀರಪ್ಪ


ಪರೇಲ್
12 ನವೆಂಬರ್ 1972

ಚಿ. ಅಣವೀರಪ್ಪನಿಗೆ ಅಕ್ಕನ ಆಶೀರ್ವಾದ.

ವೈಶಾಖ ಹೋಯಿತು, ಶ್ರಾವಣ ಹೋಯಿತು, ದೀಪಾವಳಿಯೂ ಹೋಯಿತು. ಈಗ ಬರಗಾಲದ ಕೆಲಸಕ್ಕೆ ನಿನ್ನನ್ನು ಹಳ್ಳಿಗಳ ಮೇಲೆ ಕಳಿಸಿದ್ದಾರೆ, ವಿಚಾರಣೆ ನಿಂತಿದೆ ಎಂದು ಕೇಳಿದೆ. ನಿಂಗಣ್ಣನವರು ಹೇಳಿ ಕಳಿಸಿದ್ದಾರೆ, ಮಾಘ ದಾಟಿದರೆ ಬೇರೆ ಹೆಣ್ಣು ನೋಡುತ್ತೇವೆ ಎಂದು. ಅವರ ತಪ್ಪಿಲ್ಲ. ಎಷ್ಟು ದಿನ ಕಾಯುತ್ತಾರೆ?

ಒಂದು ದಾರಿ ನೆನಪಾಯಿತು. ನಮ್ಮ ಅಜ್ಜಿಯ ಮದುವೆಯಲ್ಲಿ ಸೋದರಮಾವ ದೂರದೇಶಕ್ಕೆ ಹೋಗಿದ್ದನಂತೆ. ಅವನು ತಲೆಗೆ ಸುತ್ತುವ ರುಮಾಲನ್ನು ಬೆಳ್ಳಿ ತಟ್ಟೆಯಲ್ಲಿಟ್ಟು, ಅಜ್ಜಿ ಅದರ ಸೆರಗು ಹಿಡಿದುಕೊಂಡು ಹಂದರಕ್ಕೆ ಬಂದಳಂತೆ. ಅಪ್ಪನ ರುಮಾಲು ನಿನ್ನ ಟ್ರಂಕಿನಲ್ಲಿದೆ. ನೀನು ಬರುವುದು ಬೇಡ. ರುಮಾಲು ಕಳಿಸು.

ಬಸಲಿಂಗವ್ವ

ಮಾಮಾ, ನನಗೆ ರುಮಾಲು ಬೇಡ. ನೀನೇ ಬಾ. ಇದನ್ನು ಅವ್ವನಿಗೆ ಗೊತ್ತಿಲ್ಲದಂತೆ ಬರೆದಿದ್ದೇನೆ. ಐತಪ್ಪನವರಿಗೆ ಮಾತ್ರ ಗೊತ್ತು. – ಸೇವಂತಿ


ಚರ್ಚ್‌ಗೇಟ್
15 ಡಿಸೆಂಬರ್ 1972

ಅಕ್ಕನಿಗೆ ಶರಣು.

ರುಮಾಲಿನ ಬಗ್ಗೆ ಕಾನೂನು ಇಲಾಖೆಯನ್ನು ಕೇಳಿದೆ. ಯಾವುದೇ ವಸ್ತುವನ್ನು ಕಳಿಸಿದರೆ ಅದು ಕಾಣಿಕೆ ಎನಿಸಿಕೊಳ್ಳಬಹುದು, ಬೇಡ ಎಂದು ಬರೆದಿದ್ದಾರೆ.

ನೀನು ನಗುತ್ತಿ. ಅಥವಾ ನಗುವುದಿಲ್ಲ. ಕೇಳದೆ ಕಳಿಸಿಬಿಡಬಹುದಿತ್ತು ಎಂದು ಕೇಳಿದ ಮೇಲೆ ಹೊಳೆಯಿತು. ಟ್ರಂಕು ತೆಗೆದು ನೋಡಿದೆ. ಅಪ್ಪ ಸುತ್ತಿಟ್ಟ ಸುತ್ತು ಹಾಗೇ ಇದೆ.

ಐತಪ್ಪನವರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಾರೆ. ಅಂಧೇರಿಯಲ್ಲಿ ಮಗನ ಮನೆಯಲ್ಲಿ ಇರುತ್ತಾರಂತೆ. ನಿನ್ನ ರುಮಾಲಿನ ಕಾಗದವನ್ನು ಇಂಗ್ಲಿಷಿಗೆ ಇಳಿಸಿ ತಂದವರು ಅದನ್ನು ಮೇಜಿನ ಮೇಲಿಟ್ಟು, ಕೊನೆಯ ಸಾಲಿನ ಮೇಲೆ ಒಮ್ಮೆ ಬೆರಳಿಟ್ಟು ತೋರಿಸಿ ಹೋದರು.

ಜನವರಿಯಿಂದ ವಿಚಾರಣೆ ಮತ್ತೆ ಶುರುವಾಗುತ್ತದೆ.

ಅಣವೀರಪ್ಪ


ಪರೇಲ್
11 ಜನವರಿ 1973

ಚಿ. ಅಣವೀರಪ್ಪನಿಗೆ ಅಕ್ಕನ ಆಶೀರ್ವಾದ.

ಒಂದು ಕಥೆ ಹೇಳುತ್ತೇನೆ, ಫೈಲಿಗೆ ಹಾಕು.

ಒಂದೂರಲ್ಲಿ ಒಬ್ಬ ರಾಜ. ಅವನಿಗೊಬ್ಬ ಬಾಗಿಲ ಕಾಯುವ ಬಂಟ. ನಾನು ಬರುವ ತನಕ ಈ ಬಾಗಿಲು ದಾಟಿ ಒಂದು ಇರುವೆಯೂ ಹೋಗಬಾರದು ಎಂದು ಹೇಳಿ ರಾಜ ದಂಡಿಗೆ ಹೋದ. ವರ್ಷ ಕಳೆಯಿತು. ಮಳೆಗೆ ಕೋಟೆಯ ಗೋಡೆ ಬಿತ್ತು, ಆ ಕಡೆಯದೂ ಬಿತ್ತು, ಈ ಕಡೆಯದೂ ಬಿತ್ತು. ಬಾಗಿಲೊಂದೇ ನಿಂತಿತು. ದನ ಹೋದವು, ಕರು ಹೋದವು, ಸಂತೆಯ ಜನರೆಲ್ಲ ಪಕ್ಕದಿಂದ ಹಾದು ಹೋದರು. ಬಂಟ ಮಾತ್ರ ಬಾಗಿಲು ಕಾಯುತ್ತ ನಿಂತ. ಅವನ ಮನೆ ಬಾಗಿಲಿನ ಆ ಕಡೆ ಇತ್ತು. ಅವನ ತಾಯಿ ಎದುರಿಗೆ ಬಂದು, "ಎಪ್ಪಾ, ಗ್ವಾಡಿ ಬಿದ್ದೈತಿ, ಬಾಜೂಕಿನಿಂದ ಬಾರೋ, ಉಣ್ಣಬಾರೋ," ಅಂದಳು. ಬಂಟ ಏನಂದ? "ಬಾಗಿಲ ಹಾಕೇತಲ್ಲವ್ವಾ," ಅಂದ.

ಮಾಘದಲ್ಲಿ, ಫೆಬ್ರುವರಿ ಹನ್ನೊಂದಕ್ಕೆ ನೀನು ಇಬ್ಬರು ವಕೀಲರನ್ನು ಕರೆದುಕೊಂಡು ಗಿರಣಿಯ ಜಾಗ ನೋಡಲು ಬರುತ್ತೀ ಎಂದು ಗೇಟಿಗೆ ನೋಟೀಸು ಹಚ್ಚಿದ್ದಾರೆ. ನಾವು ಮದುವೆಯನ್ನು ಅದೇ ದಿನಕ್ಕೆ ಇಟ್ಟಿದ್ದೇವೆ. ನಮ್ಮ ಚಾಳು ಗಿರಣಿ ಗೇಟಿನ ಎದುರಿಗೇ ಇದೆ. ನಡುವೆ ಒಂದು ರಸ್ತೆ. ಕದ್ದು ಮುಚ್ಚಿ ಮಾಡಿದ್ದಲ್ಲ, ಎಲ್ಲರೂ ಓದುವ ಕಾಗದದಲ್ಲೇ ಹೇಳುತ್ತಿದ್ದೇನೆ. ಮಾಲೀಕರ ವಕೀಲ ಸಾಹೇಬರೂ ಯೂನಿಯನ್ ವಕೀಲ ಸಾಹೇಬರೂ ಕುಟುಂಬ ಸಮೇತ ಬಂದು ಅಕ್ಕಿಕಾಳು ಹಾಕಬೇಕು. ಐತಪ್ಪನವರಿಗೆ ಅಂಧೇರಿಗೆ ಬೇರೆ ಕಾಗದ ಹಾಕಿದ್ದೇನೆ.

ಬಸಲಿಂಗವ್ವ


ಚರ್ಚ್‌ಗೇಟ್
29 ಜನವರಿ 1973

ಅಕ್ಕಾ,

ಐತಪ್ಪನವರ ಜಾಗ ಇನ್ನೂ ಖಾಲಿ, ಬೇರೆ ಇಲಾಖೆಯವರೊಬ್ಬರು ಇಳಿಸಿಕೊಟ್ಟ ನಿನ್ನ ಕಾಗದ ಓದಿ ಇಬ್ಬರು ವಕೀಲರೂ ನಕ್ಕರು. ಒಂದೂವರೆ ವರ್ಷದಲ್ಲಿ ಅವರಿಬ್ಬರೂ ಒಂದೇ ಮಾತಿಗೆ ನಕ್ಕದ್ದು ಇದೇ ಮೊದಲು. ಆಮೇಲೆ ಇಬ್ಬರೂ ಸೇರಿ ಬರೆದು ರುಜು ಹಾಕಿ ಕೊಟ್ಟಿದ್ದಾರೆ. ಸಾಹೇಬರು ಮದುವೆಯಲ್ಲಿ ಸೋದರಮಾವನ ಕೆಲಸ ಮಾಡಿ ಬರುವುದಕ್ಕೆ ಎರಡೂ ಕಡೆಯಿಂದ ಅಡ್ಡಿಯಿಲ್ಲ ಎಂದು. ಇಲಾಖೆಯೂ ಸರಿ ಎಂದಿತು.

ಹೊಸ ಧೋತರ ತರಿಸಿದ್ದೇನೆ. ಟ್ರಂಕಿನಿಂದ ರುಮಾಲು ತೆಗೆದು ಬಿಸಿಲಿಗೆ ಹಾಕಿದೆ. ಸೇವಂತಿಗೆ ಹೇಳು.

ಅಣವೀರಪ್ಪ


ಪರೇಲ್
4 ಮಾರ್ಚ್ 1973

ಅಣವೀರಪ್ಪನಿಗೆ ಬಸಲಿಂಗವ್ವನ ಆಶೀರ್ವಾದ.

ಸೇವಂತಿ ಸೊಲ್ಲಾಪುರಕ್ಕೆ ಹೋದಳು. ಈ ಕಾಗದದ ಅಕ್ಷರ ನಿನಗೆ ಗುರುತು ಸಿಗಬಹುದು. ಐತಪ್ಪನವರು ಬರೆದುಕೊಡುತ್ತಿದ್ದಾರೆ. ಭಾನುವಾರ ಊಟಕ್ಕೆ ಬರುತ್ತಾರೆ.

ನೀನು ಗೇಟಿನ ಹತ್ತಿರ ನಿಂತಿದ್ದೆ. ಧೋತರ ಉಟ್ಟಿರಲಿಲ್ಲ, ಕೋಟು ಹಾಕಿದ್ದೆ. ಬಗಲಲ್ಲಿ ಒಂದು ಗಂಟು ಇತ್ತು, ಅದು ರುಮಾಲೇ ಎಂದು ನಾನು ಇಲ್ಲಿಂದಲೇ ಗುರುತಿಸಿದೆ. ನಿನ್ನ ಕಚೇರಿಯ ಜವಾನ ಪಟ್ಟೇವಾಲಾ ಬಿಸಿಲಿಗೆ ನಿನ್ನ ತಲೆಯ ಮೇಲೆ ಛತ್ರಿ ಹಿಡಿದಿದ್ದ. ಇಬ್ಬರು ವಕೀಲರೂ ನಿನ್ನ ಬೆನ್ನಿಗೆ ಕೈ ಹಚ್ಚಿ "ಜಾ ಸಾಹೇಬ್, ಜಾ" ಎಂದು ಮರಾಠಿಯಲ್ಲಿ ಹೋಗಲು ಹೇಳಿದ್ದು ರಸ್ತೆಯ ಈಚೆ ನಮಗೆಲ್ಲ ಕೇಳಿಸಿತು. ಬಾಜಾದವರು ಊದುವುದನ್ನು ನಿಲ್ಲಿಸಿದರು. ಬೀಗರೆಲ್ಲ ಎದ್ದು ನಿಂತರು. ಸೇವಂತಿ ಖೋಲಿಯ ಬಾಗಿಲಲ್ಲಿ ಕೈ ಮುಂದೆ ಮಾಡಿಕೊಂಡು ನಿಂತಿದ್ದಳು.

ನೀನು ಗಡಿಯಾರ ನೋಡಿಕೊಂಡೆ. ಆಮೇಲೆ ತಿರುಗಿ ಗಿರಣಿಯೊಳಗೆ ಹೋದೆ.

ನಿಂಗಣ್ಣನವರು ಚಪ್ಪಲಿ ಹುಡುಕಲು ಶುರು ಮಾಡಿದರು. ಆಗ ಹಿಂದಿನ ಸಾಲಿನಲ್ಲಿ ಕೂತಿದ್ದ ಐತಪ್ಪನವರು ಎದ್ದು ಬಂದು ನನ್ನನ್ನು ಕೇಳಿದರು, "ನಾನು ಆದ್ರೆ ಆಗ್ಬಹುದಾ ಅಕ್ಕಾ? ನಿಮ್ಮನೆ ವಿಷಯ ಎಲ್ಲ ನಂಗೊತ್ತುಂಟಲ್ಲ." ನಿಮ್ಮ ಭಾವ ತಮ್ಮ ತಲೆಯ ರುಮಾಲು ತೆಗೆದು ಅವರ ತಲೆಗೆ ಸುತ್ತಿದರು. ಅದು ಸೊಟ್ಟಗಾಯಿತು. ಸೇವಂತಿ ಅವರ ಮುಖ ನೋಡಿ, "ರುಮಾಲದ ಕಾಗದದಾಗ ನಾ ಕದ್ದು ಬರದದ್ದು ಓದೀರೇನ್ರಿ?" ಎಂದಳು. ಅವರು ಹೌದು ಎಂದು ತಲೆಯಾಡಿಸಿದರು. ಅವಳು ಕೈ ಕೊಟ್ಟಳು.

ಮದುವೆ ಚಲೋ ಆಯಿತು. ಇಬ್ಬರೂ ವಕೀಲರು ಅಕ್ಕಿಕಾಳು ಹಾಕಿ ಉಂಡು ಹೋದರು.

ಬಸಲಿಂಗವ್ವ

ಸಾಹೇಬರಿಗೆ ನಮಸ್ಕಾರ. ಇದನ್ನು ಅವರು ಹೇಳಿದಂತೆಯೇ ಬರೆದಿದ್ದೇನೆ. ನನ್ನದು ಏನೂ ಸೇರಿಸಲಿಲ್ಲ. – ಐತಪ್ಪ


ಚರ್ಚ್‌ಗೇಟ್
18 ಮಾರ್ಚ್ 1973

ಅಕ್ಕಾ,

ಗೇಟಿನ ಪಕ್ಕದಲ್ಲಿ ಸತ್ತವರ ಹೆಂಡಂದಿರು ನಿಂತಿದ್ದರು. ಒಪ್ಪಿಗೆ ಬರೆದುಕೊಟ್ಟವರು ವಕೀಲರು, ಆ ಹೆಂಗಸರನ್ನು ಯಾರೂ ಕೇಳಿರಲಿಲ್ಲ. ಅವರ ಕಣ್ಣೆದುರಿಗೆ ನಾನು ರಸ್ತೆ ದಾಟಿ ಸಿಹಿ ಊಟಕ್ಕೆ ಕೂರುವುದು ಹೇಗೆ ಎನಿಸಿತು.

ಹೀಗೆಂದು ನಾನು ನನಗೆ ಹೇಳಿಕೊಂಡಿದ್ದೇನೆ, ಮೇಲಿನವರಿಗೂ ಹೇಳಿದ್ದೇನೆ, ಅವರು ಹೊಗಳಿದರು. ಮುಂದಿನ ಮುಖ್ಯ ಕಾರ್ಯದರ್ಶಿ ಇವರೇ ಎಂದು ಕಾರಿಡಾರಿನಲ್ಲಿ ಮಾತು ನಡೆದಿದೆ.

ಆದರೆ ನಿನ್ನ ಕಥೆ ಫೈಲಿನಲ್ಲಿದೆ. ಆಗಾಗ ತೆಗೆದು ಓದುತ್ತೇನೆ. ಎರಡೂ ಕಡೆಯ ಗೋಡೆ ಬಿದ್ದದ್ದು ನನಗೂ ಕಂಡಿತು ಅಕ್ಕಾ. ಕಾಲು ಏಳಲಿಲ್ಲ.

ಅಣವೀರಪ್ಪ


ಪರೇಲ್
8 ಏಪ್ರಿಲ್ 1973

ಅಣವೀರಪ್ಪನಿಗೆ ಆಶೀರ್ವಾದ.

ನಿನ್ನ ಕಾಗದದಲ್ಲಿ ಆ ಹೆಂಗಸರ ಮಾತು ಬಂದಲ್ಲಿ ನಿಲ್ಲಿಸಿ, ಮಲ್ಲಕ್ಕನನ್ನು ಕರೆದು ಐತಪ್ಪನವರಿಂದ ಅವಳಿಗೆ ಓದಿಸಿ ಕೇಳಿಸಿದೆ. ಅವಳು ಕೇಳಿ, "ನಾವು ಯಾವಾಗ ಬ್ಯಾಡಂದ್ವಿ?" ಅಂದಳು. ಸೇವಂತಿಯ ತಲೆಗೆ ಹೂ ಮುಡಿಸಿದವಳು ಅವಳೇ.

ಇದಕ್ಕಿಂತ ಹೆಚ್ಚು ಬರೆಸುವುದಿಲ್ಲ.

ಬಸಲಿಂಗವ್ವ


ಚರ್ಚ್‌ಗೇಟ್
6 ಆಗಸ್ಟ್ 1973

ಅಕ್ಕನಿಗೆ ಶರಣು.

ಇವತ್ತು ವರದಿ ಕೊಟ್ಟೆ. ಏನು ಬರೆದಿದ್ದೇನೆಂದು ನಾಳೆ ಪೇಪರಿನಲ್ಲಿ ಬರುತ್ತದೆ, ಮಲ್ಲಕ್ಕನಿಗೆ ಓದಿ ಹೇಳಿಸು. ಅವಳ ಗಂಡ ವಿಧಿಯಿಂದ ಸತ್ತನೆಂದು ನಾನು ಬರೆದಿಲ್ಲ.

ಈ ಕಾಗದ ಫೈಲಿಗೆ ಹೋಗುವುದಿಲ್ಲ. ಎರಡು ವರ್ಷದಲ್ಲಿ ಇದು ನಿನಗೊಬ್ಬಳಿಗೇ ಬರೆದ ಮೊದಲ ಕಾಗದ. ಏನು ಬರೆಯಬೇಕೆಂದು ತೋಚದೆ ಬಹಳ ಹೊತ್ತು ಕೂತೆ. ಯಾರೂ ಓದದ ಕಾಗದ ಬರೆಯುವ ರೂಢಿ ತಪ್ಪಿ ಹೋಗಿದೆ.

ಬರುವ ಭಾನುವಾರ ಬರುತ್ತೇನೆ. ಕಾರಿನಲ್ಲಿ ಅಲ್ಲ, ಲೋಕಲಿನಲ್ಲಿ. ನನ್ನ ಪಾಲಿನ ರೊಟ್ಟಿ ಬಡಿದಿಡು. ಐತಪ್ಪನವರೂ ಇದ್ದರೆ ಚಲೋ.

ಅಣವೀರಪ್ಪ


ಚರ್ಚ್‌ಗೇಟ್
10 ಆಗಸ್ಟ್ 1973

ಅಕ್ಕನಿಗೆ ಶರಣು.

ವರದಿಯನ್ನು ರದ್ದು ಮಾಡಬೇಕೆಂದು ಮಾಲೀಕರು ಹೈಕೋರ್ಟಿಗೆ ಹೋಗಿದ್ದಾರೆ. ಅದರಲ್ಲಿ ನನ್ನ ಸಂಬಂಧಿಕರ ಮಾತೂ ಇದೆ. ದಾವೆ ಮುಗಿಯುವವರೆಗೆ ಹಳೆಯ ಷರತ್ತನ್ನೇ ಪಾಲಿಸುವುದು ಒಳ್ಳೆಯದು ಎಂದು ಸರಕಾರದ ವಕೀಲರು ಸಲಹೆ ಕೊಟ್ಟಿದ್ದಾರೆ. ಆಜ್ಞೆ ಅಲ್ಲ, ಸಲಹೆ. ಎಷ್ಟು ವರ್ಷವೆಂದು ಅವರಿಗೂ ಗೊತ್ತಿಲ್ಲ.

ಆದ್ದರಿಂದ ಭಾನುವಾರ ನನ್ನ ದಾರಿ ನೋಡಬೇಡ. ಕಾಗದಗಳು ಮೊದಲಿನಂತೆ ಫೈಲಿಗೆ ಹೋಗುತ್ತವೆ. ಐತಪ್ಪನವರ ಜಾಗಕ್ಕೆ ಹೊಸಬರು ಬಂದಿದ್ದಾರೆ. ಮರಾಠಿಯವರು, ಕನ್ನಡ ಅಷ್ಟಕ್ಕಷ್ಟೇ. ನಿನ್ನ ಗಾದೆ, ಕಥೆಗಳನ್ನು ಇಂಗ್ಲಿಷಿಗೆ ಇಳಿಸಲು ಅವರಿಗೆ ಆಗುವುದಿಲ್ಲ. ದಯವಿಟ್ಟು ಇನ್ನು ಮುಂದೆ ಸುಲಭವಾದ ಮಾತಿನಲ್ಲಿ ಬರೆಸು.

ನಿನ್ನ ತಮ್ಮ
ಅಣವೀರಪ್ಪ


ಪರೇಲ್
12 ಆಗಸ್ಟ್ 1973, ಭಾನುವಾರ

ಚಿರಂಜೀವಿ ತಮ್ಮ ಅಣವೀರಪ್ಪನಿಗೆ ಅಕ್ಕ ಬಸಲಿಂಗವ್ವನ ಆಶೀರ್ವಾದ. ಹೊಸದಾಗಿ ಬಂದ ಅನುವಾದಕರಿಗೂ ಶರಣು.

ರೊಟ್ಟಿ ಬಡಿದಾಗಿದೆ. ಐತಪ್ಪನವರು ಕೈ ತೊಳೆದುಕೊಂಡು ಕೂತಿದ್ದಾರೆ, ನಿಮ್ಮ ಭಾವನೂ ಕೂತಿದ್ದಾರೆ. ನಿನ್ನ ತಾಟು ಇಟ್ಟಿದ್ದೇನೆ.

ಸುಲಭದ ಮಾತಿನಲ್ಲಿ ಬರೆಸು ಎಂದಿದ್ದೀ, ಬರೆಸುತ್ತೇನೆ. ಇದನ್ನು ಇಂಗ್ಲಿಷಿಗೆ ಇಳಿಸಲು ಯಾರಿಗೂ ತ್ರಾಸ ಆಗಲಿಕ್ಕಿಲ್ಲ.

ಬಾ.

ನಿನ್ನ ಅಕ್ಕ
ಬಸಲಿಂಗವ್ವ